ಸಹಾಯ ಬೇಕು: ಅಪ್ಪನ ಕಣ್ಣಿಗೆ ಸೊಪ್ಪು, ಮಾತ್ರೆ ಎರಡರ ವಿಷಯ

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಅಪ್ಪನಿಗೆ 71 ವರ್ಷ. ಪೇಪರ್ ಓದುವಾಗ ನೇರ ಗೆರೆ ಸೊಟ್ಟಗೆ ಕಾಣುತ್ತೆ ಅಂತಿದ್ದರು. ಶಿವಮೊಗ್ಗದಲ್ಲಿ ತೋರಿಸಿದೆವು. ವಯಸ್ಸಿನಿಂದ ಬರುವ ಮ್ಯಾಕ್ಯುಲಾ (ಕಣ್ಣಿನ ಒಳಪರದೆಯ ನಡುಭಾಗ) ಸವೆತ, ಒಣ ಬಗೆಯದು, ಮಧ್ಯಮ ಹಂತ ಅಂದರು. ವಾಸಿಯಾಗಲ್ಲ, ಆದರೆ ಮುಂದುವರಿಯೋದನ್ನು ನಿಧಾನ ಮಾಡಬಹುದಂತೆ. ಏರೆಡ್ಸ್-2 ಮಾತ್ರೆ ಬರೆದಿದ್ದಾರೆ: ಲೂಟಿನ್ 10 ಮಿ.ಗ್ರಾಂ, ಝಿಯಾಕ್ಸಾಂಥಿನ್ 2, ಜೊತೆಗೆ ಸತು, ತಾಮ್ರ, ವಿಟಮಿನ್ ಸಿ ಮತ್ತು ಇ.

ಅಂಗಡಿಯವರು ಮಾತ್ರ ಬೀಟಾ ಕೆರೋಟಿನ್ ಇರುವ ಹಳೇ ಬಗೆಯದನ್ನೇ ಕೊಟ್ಟುಬಿಟ್ಟರು! ಅಪ್ಪ ನಲವತ್ತು ವರ್ಷ ಬೀಡಿ ಸೇದಿದವರು. ಸೇದುವವರಿಗೂ ಬಿಟ್ಟವರಿಗೂ ಅದರಿಂದ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಜಾಸ್ತಿ. ಪುಣ್ಯಕ್ಕೆ ಡಬ್ಬಿ ಓದಿದೆ, ವಾಪಸ್ ಕೊಟ್ಟೆ.

ಈಗ ನನ್ನ ತಲೆನೋವು ಬೇರೆ. ಕಣ್ಣಿನ ಡಾಕ್ಟರ್ ಸೊಪ್ಪು, ಮೀನು ಜಾಸ್ತಿ ತಿನ್ನಿಸಿ ಅಂದಿದ್ದಾರೆ. ಹಿತ್ತಲಲ್ಲಿ ನುಗ್ಗೆ, ಹರಿವೆ, ಬಸಳೆ ಇದೆ. ಆದರೆ ಅಪ್ಪ ಹೃದಯಕ್ಕೆ ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ) ತಗೊಳ್ತಾರೆ. ಸೊಪ್ಪಿನ ವಿಟಮಿನ್ ಕೆ ಅದರ ಕೆಲಸ ತಗ್ಗಿಸುತ್ತೆ ಅಲ್ವಾ? ಮುಂದಿನ ವಾರ ಹೃದಯದ ಡಾಕ್ಟರನ್ನೂ ಕೇಳ್ತೀನಿ. ಅಲ್ಲಿವರೆಗೆ ಸೊಪ್ಪಿನ ಪ್ರಮಾಣ ಬದಲಿಸಿಲ್ಲ.

ಇಂಥದ್ದೇ ಎರಡೂ ತೊಂದರೆ ಇರುವ ಹಿರಿಯರು ನಿಮ್ಮನೇಲಿ ಇದ್ದಾರಾ? ದಿನಕ್ಕೆ ಎಷ್ಟು ಸೊಪ್ಪು ಕೊಡ್ತೀರಿ, ರಕ್ತ ಪರೀಕ್ಷೆ ಎಷ್ಟು ದಿನಕ್ಕೊಮ್ಮೆ? ಸುಮ್ನೆ ಕ್ಯಾರೆಟ್ ತಿನ್ನಿಸಿ ಅನ್ನಬೇಡಿ, ಅತ್ತೆ ಆಗಲೇ ಮೂರು ಕೆಜಿ ಕಳಿಸಿದ್ದಾರೆ.