ಅಪ್‌ಡೇಟ್: ಎನ್‌ಎಫ್‌ಎಲ್ ಪ್ಲೇಆಫ್‌ನಲ್ಲಿ ತವರಿನ ತಂಡವನ್ನೇ ಆರಿಸಿದರೆ ಸಾಕಾ?

ಅಮೆರಿಕದ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಡಿವಿಷನಲ್ ಸುತ್ತಿಗೆ (ಕೊನೆಯ ಎಂಟು ತಂಡಗಳ ಸುತ್ತು) ಮುಂಚೆ ಈ ಪ್ರಶ್ನೆ ಕೇಳಿದ್ದೆ. ಮೊದಲ ಸೀಡ್ (ಸೀಸನ್‌ನಲ್ಲಿ ಅಗ್ರಸ್ಥಾನ ಪಡೆದು ತವರಿನಲ್ಲಿ ಆಡುವ) ತಂಡಗಳನ್ನು ಕಣ್ಣು ಮುಚ್ಚಿ ಆರಿಸಿ ಅಂತ ಜಾಸ್ತಿ ಜನ ಹೇಳಿದಿರಿ. 2022ರ ಜನವರಿ 22, 23ರ ಪಂದ್ಯಗಳು ಮುಗಿದಿವೆ. ಮೊದಲ ಸೀಡ್‌ನ ಟೈಟನ್ಸ್, ಪ್ಯಾಕರ್ಸ್ ಎರಡೂ ಮನೆಯಂಗಳದಲ್ಲೇ ಸೋತವು. ಬಕನೀರ್ಸ್ ಕೂಡ.

ಟೈಟನ್ಸ್ ಪಂದ್ಯ ನೋಡಿ. ಬೆಂಗಾಲ್ಸ್‌ನ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವ ಆಟಗಾರ) ಜೋ ಬರ್ರೋ ಒಂಬತ್ತು ಸಲ ಸ್ಯಾಕ್ ಆದರು, ಅಂದರೆ ಎಸೆಯುವ ಮೊದಲೇ ಎದುರಾಳಿಗಳು ಅವರನ್ನು ಕೆಡವಿದರು. ಆದರೂ 19-16ರಿಂದ ಗೆದ್ದರು! ಕಾರಣ, ಟೈಟನ್ಸ್‌ನ ಕ್ವಾರ್ಟರ್‌ಬ್ಯಾಕ್ ಟ್ಯಾನಹಿಲ್ ಮೂರು ಇಂಟರ್‌ಸೆಪ್ಷನ್ ಕೊಟ್ಟರು, ಅಂದರೆ ಎಸೆದ ಚೆಂಡು ಎದುರಾಳಿಯ ಕೈಸೇರಿತು. ಮೊದಲನೆಯದು ಪಂದ್ಯದ ಮೊದಲ ಎಸೆತದಲ್ಲೇ, ಕೊನೆಯದು ಕೊನೆಯ ಅರ್ಧ ನಿಮಿಷದಲ್ಲಿ. ಆಮೇಲೆ ಬೆಂಗಾಲ್ಸ್ ಕಿಕರ್ ಮೆಕ್‌ಫರ್ಸನ್ 52 ಗಜದಿಂದ ಚೆಂಡನ್ನು ಕಂಬಗಳ ನಡುವೆ ಒದ್ದು ಗೆಲುವಿನ ಫೀಲ್ಡ್ ಗೋಲ್ ಹೊಡೆದರು.

ಗ್ರೀನ್ ಬೇಯ ಹಿಮದಲ್ಲಿ 49ಅರ್ಸ್ ಆಕ್ರಮಣ ಒಂದೂ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸುವುದು) ಮಾಡಲಿಲ್ಲ. ಪ್ಯಾಕರ್ಸ್‌ನ ಪಂಟ್ (ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಡುವುದು) ತಡೆದ 49ಅರ್ಸ್‌ನ ಪಂಟ್ ತಂಡ ಆ ಚೆಂಡನ್ನೇ ಎತ್ತಿಕೊಂಡು ಓಡಿ ಟಚ್‌ಡೌನ್ ಮಾಡಿತು. 49ಅರ್ಸ್ 13-10ರಿಂದ ಗೆದ್ದರು.

ಚೀಫ್ಸ್ ಮಾತ್ರ ತವರಿನಲ್ಲಿ ಗೆದ್ದು ಉಳಿದುಕೊಂಡರು, ಅದೂ ಕಷ್ಟಪಟ್ಟು: 13 ಸೆಕೆಂಡ್ ಉಳಿದಿದ್ದಾಗ ಎದುರಾಳಿ ಬಿಲ್ಸ್ ಮುಂದಿತ್ತು. ಓವರ್‌ಟೈಮ್‌ನಲ್ಲಿ ಟಾಸ್ ಸೋತ ಬಿಲ್ಸ್ ಕ್ವಾರ್ಟರ್‌ಬ್ಯಾಕ್ ಜಾಶ್ ಆಲನ್ ಕೈಗೆ ಚೆಂಡೇ ಬರಲಿಲ್ಲ. ಇದು ಅನ್ಯಾಯ ಅಲ್ವಾ? ನನಗಂತೂ ತುಂಬಾ ಬೇಸರವಾಯಿತು.

ಇನ್ನು ಮುಂದೆ ನಾನು ಸೀಡ್ ನೋಡುವ ಮೊದಲು, ತಂಡ ಚೆಂಡನ್ನು ಎದುರಾಳಿಗೆ ಬಿಟ್ಟುಕೊಡುವ ಅಭ್ಯಾಸ, ಕಿಕರ್, ಪಂಟ್ ತಂಡ ನೋಡುತ್ತೇನೆ. ಈ ಭಾನುವಾರ ಚೀಫ್ಸ್ ವಿರುದ್ಧ ಬೆಂಗಾಲ್ಸ್ ನನ್ನ ಆಯ್ಕೆ. ಇದೇ ತಿಂಗಳ 2ರಂದು ಚೀಫ್ಸ್‌ರನ್ನು 34-31ರಿಂದ ಸೋಲಿಸಿದ್ದಾರೆ. ರ‍್ಯಾಮ್ಸ್ ಈ ಸೀಸನ್‌ನಲ್ಲಿ 49ಅರ್ಸ್‌ಗೆ ಎರಡು ಸಲ ಸೋತಿದ್ದಾರೆ, ಆದರೆ ಇವೆರಡರ ಈ ಭಾನುವಾರದ ಪಂದ್ಯ ರ‍್ಯಾಮ್ಸ್ ತವರಿನಲ್ಲಿ. ಅಲ್ಲಿ ಯಾರನ್ನು ಆರಿಸುತ್ತೀರಿ, ಯಾಕೆ?