ಸಹಾಯ ಬೇಕು: ಆಸ್ಪತ್ರೆಯಲ್ಲಿ ಕೊಟ್ಟ ಜ್ಞಾನಸ್ನಾನ (ಬ್ಯಾಪ್ಟಿಸಂ) ಚರ್ಚಿನ ರಿಜಿಸ್ಟರಿನಲ್ಲೇ ಇಲ್ಲ, ದೃಢೀಕರಣ ಸಂಸ್ಕಾರ ಹತ್ತಿರ ಬಂತು

ಧರ್ಮಕೇಂದ್ರದ (ಪ್ಯಾರಿಷ್) ಕಚೇರಿ ನೋಡಿಕೊಳ್ಳುವವರು, ಧರ್ಮೋಪದೇಶ ಹೇಳಿಕೊಡುವವರು ಸ್ವಲ್ಪ ನೋಡಿ.

ದೃಢೀಕರಣಕ್ಕೆ (ಜ್ಞಾನಸ್ನಾನ ಆದವರಿಗೆ ಮುಂದೆ ಕೊಡುವ ಸಂಸ್ಕಾರ) ಹೆಸರು ಕೊಟ್ಟಿರುವ ಒಬ್ಬ ಹುಡುಗನಿಗೆ ಹುಟ್ಟಿದ ರಾತ್ರಿಯೇ ಪ್ರಾಣಾಪಾಯವಿತ್ತು. ನರ್ಸ್ ಒಬ್ಬರು ತಲೆಯ ಮೇಲೆ ನೀರು ಸುರಿದು ಜ್ಞಾನಸ್ನಾನ ಕೊಟ್ಟರು. ಮಗು ಬದುಕಿತು, ಆದರೆ ಧರ್ಮಕೇಂದ್ರದ ಗುರುಗಳಿಗೆ (ಪಾದ್ರಿಗೆ) ಯಾರೂ ತಿಳಿಸಲಿಲ್ಲ. ಹಾಗಾಗಿ ಸರ್ಟಿಫಿಕೇಟ್ ಇಲ್ಲ. ಇಂಥ ಕೇಸುಗಳಲ್ಲಿ ಎಡವಟ್ಟಾಗುವುದು ಬಹುಪಾಲು ಇಲ್ಲೇ.

ಕೆಲವರು "ಇನ್ನೊಂದು ಸಲ ಕೊಡಿಸಿಬಿಡಿ" ಅನ್ನುತ್ತಿದ್ದಾರೆ. ಅದು ಸರಿಯಲ್ಲ. ಜ್ಞಾನಸ್ನಾನ ಒಂದೇ ಸಲ. ಚೆನ್ನಾಗಿ ವಿಚಾರಿಸಿದ ಮೇಲೂ ಸಂಶಯ ಉಳಿದರೆ ಮಾತ್ರ "ನಿನಗೆ ಜ್ಞಾನಸ್ನಾನ ಆಗಿರದಿದ್ದರೆ" ಎಂಬ ಷರತ್ತಿನೊಂದಿಗೆ ಕೊಡಬಹುದು. ಕಥೋಲಿಕ ಧರ್ಮಸಭೆಯ ಕಾನೂನಿನ 876ನೇ ವಿಧಿಯ ಪ್ರಕಾರ, ಯಾರಿಗೂ ತೊಂದರೆ ಇಲ್ಲದಿದ್ದರೆ ಜ್ಞಾನಸ್ನಾನ ಆಗಿದೆ ಎನ್ನಲು ನಂಬಲರ್ಹವಾದ ಒಬ್ಬ ಸಾಕ್ಷಿಯ ಹೇಳಿಕೆ ಸಾಕು. ಹುಡುಗನ ಅಜ್ಜಿ ಪಕ್ಕದಲ್ಲೇ ನಿಂತಿದ್ದರು. ನೀರು ಹರಿದದ್ದನ್ನು ನೋಡಿದ್ದಾರೆ, "ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ" ಎಂದದ್ದನ್ನೂ ಕೇಳಿದ್ದಾರೆ.

ಬೇಕಾಗಿರುವುದು ಇಷ್ಟು: ಸಾಕ್ಷಿಯ ಹೇಳಿಕೆಗೆ ನಿಮ್ಮಲ್ಲಿ ಬಳಸುವ ಮಾದರಿ ಇದ್ದರೆ ಕಳಿಸಿ. ತಡವಾಗಿ ದಾಖಲಿಸುವಾಗ ಕ್ರಮಸಂಖ್ಯೆ ಹೇಗೆ ಕೊಡುತ್ತೀರಿ, ಷರಾ ಕಾಲಂನಲ್ಲಿ ಏನು ಬರೆಯುತ್ತೀರಿ? ಆ ಆಸ್ಪತ್ರೆ ಬೇರೆ ಧರ್ಮಕೇಂದ್ರದ ಗಡಿಯೊಳಗಿದೆ. ದಾಖಲೆ ಅಲ್ಲೇ ಆಗಬೇಕಲ್ಲ, ಅದಕ್ಕಾಗಿ ಅಲ್ಲಿಗೆ ಪತ್ರವನ್ನು ಗುರುಗಳೇ ನೇರವಾಗಿ ಬರೆಯುತ್ತಾರೋ, ಧರ್ಮಾಧ್ಯಕ್ಷರ (ಬಿಷಪ್) ಕಚೇರಿಯ ಮೂಲಕವೋ?

ದೃಢೀಕರಣಕ್ಕೆ ಅಪ್ಪನೇ ಪೋಷಕರಾಗಿ (ಸ್ಪಾನ್ಸರ್) ನಿಲ್ಲುವಂತಿಲ್ಲ ಎಂದು ಮನೆಯವರಿಗೆ ಹೇಳಿಯಾಗಿದೆ, ಆ ಚರ್ಚೆ ಬೇಡ.