ಗುಂಡಿಗೆಗೆ ರಜೆ ಮಂಜೂರಾದಾಗ

ಶ್ರೀನಿ: ಈ ವಾಕಿಂಗು, ಜಿಮ್ಮು ಎಲ್ಲ ಬಿಟ್ಟು ಸೀದಾ ಬಾಹ್ಯಾಕಾಶಕ್ಕೆ ಹೋಗಿಬಿಟ್ರೆ ಹೇಗೆ? ತೂಕ ಸೊನ್ನೆ. ಮಂಡಿಗೂ ಆರಾಮ, ಗುಂಡಿಗೆಗೂ ಆರಾಮ.

ಪದ್ಮಾ: ಆರಾಮ ಸಿಕ್ಕಿದ್ದೇ ಗುಂಡಿಗೆ ಕುಗ್ಗೋಕೆ ಶುರುವಾಗುತ್ತೆ ಮಾರಾಯ. ಅಮೆರಿಕದ ಗಗನಯಾತ್ರಿ ಸ್ಕಾಟ್ ಕೆಲಿ 2015–16ರಲ್ಲಿ 340 ದಿನ ಬಾಹ್ಯಾಕಾಶ ನಿಲ್ದಾಣದಲ್ಲಿದ್ರಲ್ಲ, ಅವರ ಎಡ ಹೃತ್ಕುಕ್ಷಿ, ಅಂದ್ರೆ ಮೈಗೆಲ್ಲ ರಕ್ತ ತಳ್ಳೋ ಗುಂಡಿಗೆಯ ಕೋಣೆ, ವಾರಕ್ಕೆ ಸುಮಾರು 0.74 ಗ್ರಾಂನಂತೆ ಕರಗ್ತಾ ಹೋಯ್ತು. ಅದೂ ವಾರಕ್ಕೆ ಆರು ದಿನ ಬೆವರು ಸುರಿಸ್ಕೊಂಡೇ.

ಶ್ರೀನಿ: ಗುಂಡಿಗೆ ಮಾತ್ರ ಯಾಕೆ? ಹೊಟ್ಟೆಗೆ ಈ ಸೌಲಭ್ಯ ಇಲ್ವಾ?

ವೆಂಕಟೇಶ: ಮೊದಲು ಒಂದು ತಿಳ್ಕೊ. 400 ಕಿಲೋಮೀಟರ್ ಮೇಲೆ ಗುರುತ್ವ ಎಲ್ಲೂ ಓಡಿಹೋಗಿಲ್ಲ, ಇಲ್ಲಿಯದರ ಶೇ 90ರಷ್ಟು ಅಲ್ಲೂ ಇದೆ. ನಿಲ್ದಾಣವೂ ಒಳಗಿರೋರೂ ಒಟ್ಟಿಗೇ ಬೀಳ್ತಾ ಇರೋದ್ರಿಂದ ಭಾರ ಗೊತ್ತಾಗಲ್ಲ ಅಷ್ಟೆ. ಭೂಮಿ ಮೇಲೆ ನೀನು ಎದ್ದು ನಿಂತ ತಕ್ಷಣ ಅರ್ಧ ಲೀಟರಿಗೂ ಹೆಚ್ಚು ರಕ್ತ ಹೊಟ್ಟೆ, ಕಾಲಿನ ಕಡೆ ಇಳಿಯುತ್ತೆ. ಕತ್ತಿನ ಧಮನಿಯಲ್ಲಿರೋ ನರತುದಿಗಳು ಒತ್ತಡ ಇಳೀತು ಅಂತ ಕೂಗು ಹಾಕ್ತವೆ, ಗುಂಡಿಗೆ ಜೋರಾಗಿ ಬಡ್ಕೊಳ್ಳುತ್ತೆ, ಕಾಲಿನ ರಕ್ತನಾಳ ಬಿಗಿಯಾಗುತ್ತೆ. ದಿನಕ್ಕೆ ಎಷ್ಟು ಸಲ ಏಳ್ತೀಯೋ ಅಷ್ಟು ಸಲ ಈ ಕಸರತ್ತು.

ಬಸಣ್ಣ: ಶ್ರೀನಿ ಎದ್ದೇಳೂದ ಅಪರೂಪ ಬಿಡು.

ವೆಂಕಟೇಶ: ಕಕ್ಷೆಯಲ್ಲಿ ಆ ಇಳಿಜಾರೇ ಇಲ್ಲ. ಎರಡೂ ಕಾಲಿಂದ ಒಂದರಿಂದ ಎರಡು ಲೀಟರ್ ದ್ರವ ಮೇಲಕ್ಕೆ ಬಂದುಬಿಡುತ್ತೆ. ಮುಖ ಬಾತುಕೊಳ್ಳುತ್ತೆ, ಕಾಲು ಹಕ್ಕಿಕಾಲಾಗುತ್ತೆ.

ಬಸಣ್ಣ: ಮೂಗೂ ಕಟ್ಟತದ. ಊಟ ಸಪ್ಪಗ ಅನಸ್ತದ ಅಂತ ಗಗನಯಾತ್ರಿಗಳು ಖಾರದ ಸಾಸ್ ಬೇಡ್ತಾರ. ನಮ್ಮ ಕಡಿಂದ ಒಂದು ಡಬ್ಬಿ ರಂಜಕ ಕಳಿಸಿದ್ರ ಮೂಗೂ ತೆಗೀತಿತ್ತು, ಕಣ್ಣೂ ತೆಗೀತಿತ್ತು.

ಪದ್ಮಾ: ಇಲ್ಲೇ ಒಂದು ಸ್ವಾರಸ್ಯ ಇದೆ. ಇಷ್ಟು ರಕ್ತ ಎದೆಗೆ ನುಗ್ಗಿದ್ರೆ ಅಲ್ಲಿನ ಅಭಿಧಮನಿ (ಗುಂಡಿಗೆಗೆ ರಕ್ತ ವಾಪಸ್ ತರೋ ನಾಳ) ಒತ್ತಡ ಏರಲೇಬೇಕು ಅಂತ ಎಲ್ಲರ ಲೆಕ್ಕ. 1991ರ ಜೂನಲ್ಲಿ ಕೊಲಂಬಿಯಾ ನೌಕೆಯಲ್ಲಿ ಡ್ರೂ ಗ್ಯಾಫ್ನಿ ಹೋದ್ರು, ಸ್ವತಃ ಹೃದ್ರೋಗ ತಜ್ಞ. ತೋಳಿನ ರಕ್ತನಾಳದಿಂದ ಗುಂಡಿಗೆ ಹತ್ತಿರದವರೆಗೆ ಕೊಳವೆ ತೂರಿಸ್ಕೊಂಡೇ ಉಡಾವಣೆಗೆ ಕೂತಿದ್ರು. ಕಕ್ಷೆ ಸೇರಿದ ಮೇಲೆ ನೋಡಿದ್ರೆ ಒತ್ತಡ ಇಳಿದಿದೆ! ಆದ್ರೆ ಎಕೋ ಸ್ಕ್ಯಾನಲ್ಲಿ ಗುಂಡಿಗೆ ಮೊದಲಿಗಿಂತ ಹಿಗ್ಗಿದೆ.

ಶ್ರೀನಿ: ಒತ್ತಡ ಕಡಿಮೆ, ಗಾತ್ರ ಜಾಸ್ತಿ. ನಿವೃತ್ತಿ ಆದವರ ಲಕ್ಷಣ.

ಪದ್ಮಾ: ಗುಂಡಿಗೆ ಸುತ್ತ ಇರೋ ಒತ್ತಡ ಅದಕ್ಕಿಂತ ಹೆಚ್ಚು ಇಳಿದಿತ್ತು. ಪಕ್ಕೆಲುಬಿನ ಗೂಡು, ಶ್ವಾಸಕೋಶ ಯಾವುದರ ಭಾರವೂ ಮೇಲಿಲ್ಲವಲ್ಲ, ಸಲೀಸಾಗಿ ಹಿಗ್ಗಿತು. ಆಮೇಲೆ ದೇಹ ಹೊಂದಿಕೊಳ್ಳುತ್ತೆ. ಕೆಲವೇ ದಿನಗಳಲ್ಲಿ ಪ್ಲಾಸ್ಮಾ, ಅಂದ್ರೆ ರಕ್ತದ ನೀರಿನ ಭಾಗ, ಶೇ 10ರಿಂದ 15ರಷ್ಟು ಇಳಿಯುತ್ತೆ. ಎಲ್ಲ ಮೂತ್ರದಲ್ಲೇ ಹೋಯ್ತು ಅಂತ ಹೇಳೋದು ತಪ್ಪು. ಬಾಯಾರಿಕೆ ಕಡಿಮೆಯಾಗಿ ಕುಡಿಯೋದೇ ಕಡಿಮೆ, ಸ್ವಲ್ಪ ದ್ರವ ರಕ್ತನಾಳದಿಂದ ಅಂಗಾಂಶಕ್ಕೂ ಸೋರುತ್ತೆ. ಕೆಂಪುಕಣವೂ ಕರಗ್ತವೆ. ಭೂಮಿ ಮೇಲೆ ಸೆಕೆಂಡಿಗೆ 20 ಲಕ್ಷ ನಾಶವಾದ್ರೆ ಅಲ್ಲಿ 30 ಲಕ್ಷ ಅಂತ 2022ರಲ್ಲಿ ಕೆನಡಾದ ಒಟ್ಟಾವಾದ ಸಂಶೋಧಕರು ಲೆಕ್ಕ ಕೊಟ್ಟರು.

ಶ್ರೀನಿ: ಸರಿ, ಹಾಗಾದ್ರೆ ಅಲ್ಲೂ ಒಂದು ಟ್ರೆಡ್‌ಮಿಲ್ ಹಾಕಿಸಿದ್ರೆ ಆಯ್ತು.

ಬಸಣ್ಣ: ಹಾಕ್ಯಾರ. ಆದ್ರ ಅದರ ಮ್ಯಾಲೆ ಹೆಜ್ಜಿ ಇಟ್ಟಿ ಅಂದ್ರ ಛತ್ತಿಗೆ ಹೋಗಿ ಬಡೀತಿ. ಹೆಗಲಿಗೂ ಸೊಂಟಕ್ಕೂ ಪಟ್ಟಿ ಕಟ್ಟಿ, ಎರಡೂ ಕಡಿಂದ ರಬ್ಬರ್ ಹಗ್ಗದಾಗ ಕೆಳಗ ಎಳೀಬೇಕು. ಮೊದಲಿಗೆ ದೇಹದ ತೂಕದ ಶೇ 60ರಷ್ಟು ಎಳೆತ, ರೂಢಿ ಆದಂಗ ಶೇ 80ರ ತನಕ. ಪೂರಾ ತೂಕ ಹಾಕೂದು ಕಷ್ಟ, ಯಾಕಂದ್ರ ಭೂಮಿ ನಿನ್ನ ಮೈಯೆಲ್ಲಾ ಎಳೀತದ, ಪಟ್ಟಿ ಬರೇ ಹೆಗಲು, ಸೊಂಟ ಎಳೀತದ. ಚರ್ಮ ಕೆತ್ತತದ. ನೋವು ಅಂತ ಹಗ್ಗ ಸಡಿಲ ಮಾಡ್ಕೊಂಡ್ರ ಓಟದ ಹೆಸರು ಉಳೀತದ, ಫಲ ಉಳಿಯಂಗಿಲ್ಲ.

ವೆಂಕಟೇಶ: ಆ ಟ್ರೆಡ್‌ಮಿಲ್ ಹೆಸರು ಕೋಲ್ಬರ್ಟ್. ನಿಲ್ದಾಣದ ಹೊಸ ಕೋಣೆಗೆ ಹೆಸರು ಸೂಚಿಸಿ ಅಂತ ನಾಸಾ ಜನರನ್ನ ಕೇಳ್ತು. ಟಿವಿ ಹಾಸ್ಯಗಾರ ಸ್ಟೀಫನ್ ಕೋಲ್ಬರ್ಟ್ ತನ್ನ ಅಭಿಮಾನಿಗಳಿಂದ ವೋಟು ಹಾಕಿಸಿ ಗೆದ್ದುಬಿಟ್ಟ. ನಾಸಾ ಕೋಣೆಗೆ ಟ್ರ್ಯಾಂಕ್ವಿಲಿಟಿ ಅಂತ ಇಟ್ಟು, 2009ರಲ್ಲಿ ಅವನ ಹೆಸರನ್ನ ಓಡೋ ಯಂತ್ರಕ್ಕೆ ಅಂಟಿಸಿ ಕೈತೊಳ್ಕೊಳ್ತು.

ಶ್ರೀನಿ: ಗೆದ್ದವನಿಗೆ ಖಾತೆ ಕೊಡದೆ ನಿಗಮ ಮಂಡಳಿ ಕೊಟ್ಟಂಗಾಯ್ತು.

ವೆಂಕಟೇಶ: ಇದಕ್ಕೂ ಮುಂಚಿನ ಟ್ರೆಡ್‌ಮಿಲ್ ಮೇಲೆ 2007ರ ಏಪ್ರಿಲಲ್ಲಿ ಸುನಿತಾ ವಿಲಿಯಮ್ಸ್ ಬಾಸ್ಟನ್ ಮ್ಯಾರಥಾನ್ ಓಡಿದ್ರು. ಸುಮಾರು 4 ಗಂಟೆ 24 ನಿಮಿಷ.

ಬಸಣ್ಣ: ಅಲ್ಲೆ ಬೆವರು ತೊಟ್ಟಿಕ್ಕಂಗಿಲ್ಲ. ಪದರಾಗಿ ಮೈಗೇ ಹತ್ತಿಕೊಂಡು ದಪ್ಪ ಆಗ್ತದ, ಟವೆಲ್‌ಲೆ ಒರಸಬೇಕು. ಆ ಟವೆಲ್ ಆರಿ ಗಾಳಿಗೆ ಸೇರಿದ ತೇವಾನ ಹಿಡಿದು ಶುದ್ಧ ಮಾಡಿ ಕುಡಿಯೂ ನೀರು ಮಾಡ್ತಾರ.

ಶ್ರೀನಿ: ಅಂದ್ರೆ ನಾಳಿನ ಕಾಫಿ, ಇವತ್ತಿನ ಓಟ. ಆ ಕಡೆ ಡಂಬೆಲ್ ಎತ್ತೋದಂತೂ ಸುಲಭ ಇರ್ಬೇಕು, ಕಿರುಬೆರಳು ಸಾಕು.

ವೆಂಕಟೇಶ: ಅದಕ್ಕೇ ಡಂಬೆಲ್ ಇಟ್ಟಿಲ್ಲ. ಎರಡು ನಿರ್ವಾತ ಸಿಲಿಂಡರುಗಳ ಎಳೆತಕ್ಕೆ ವಿರುದ್ಧ ಸರಳನ್ನ ಎತ್ತಬೇಕು, 272 ಕೆ.ಜಿ.ವರೆಗೆ ಹೊಂದಿಸಬಹುದು. ಇಲ್ಲಿ ಬಸ್ಕಿ ಹೊಡೆಯುವಾಗ ಸರಳಿನ ಜೊತೆ ನಿನ್ನ ಮೈಯನ್ನೂ ಎತ್ತುತೀಯ. ಅಲ್ಲಿ ಮೈಗೆ ಭಾರ ಇಲ್ಲ, ಅದನ್ನೂ ಸರಳಿನ ಲೆಕ್ಕಕ್ಕೆ ಸೇರಿಸಲೇಬೇಕು. ಮರೆತ್ರೆ ಇಲ್ಲಿನಷ್ಟು ಕಸರತ್ತು ಆಗಲ್ಲ. ಯಂತ್ರವನ್ನ ಗೋಡೆಗೆ ಬಿಗಿಯಾಗಿ ತಿರುಪು ಹಾಕೋ ಹಾಗಿಲ್ಲ, ಅಲುಗಾಟ ನುಂಗೋ ಸ್ಪ್ರಿಂಗು, ಡ್ಯಾಂಪರು ಬೇಕು. ಇಲ್ಲದಿದ್ರೆ ಒಬ್ಬನ ಬಸ್ಕಿಗೆ ನಿಲ್ದಾಣವೇ ನಡುಗುತ್ತೆ.

ಬಸಣ್ಣ: ಸೈಕಲ್ಲಿಗೆ ಸೀಟೇ ಬೇಕಿಲ್ಲ. ಬೂಟು ಪೆಡಲ್ಲಿಗೆ ಸಿಗಿಸಿದ್ರ ಮುಗೀತು. ಗುಂಡಿಗಿಗೆ ಖರೇ ಕೆಲಸ ಬೀಳೂದು ಜೋರು ಓಟದ ತುಣುಕಿನಾಗ: 30 ಸೆಕೆಂಡಿನವು ಎಂಟು, ಇಲ್ಲಾ 2 ನಿಮಿಷದವು ಆರು, ಇಲ್ಲಾ 4 ನಿಮಿಷದವು ನಾಕು. ದಿನಕ್ಕ ಎರಡೂವರೆ ತಾಸು ಅಂತ ಬರದಿರ್ತಾರಲ್ಲ, ಅದರಾಗ ಪಟ್ಟಿ ಕಟ್ಟೂದು, ಬಿಚ್ಚೂದು, ಮೈ ಒರಸೂದು ಎಲ್ಲಾ ಬಂತು.

ಶ್ರೀನಿ: ಇಷ್ಟೆಲ್ಲ ಮಾಡಿದ್ರೂ ಕೆಲಿ ಗುಂಡಿಗೆ ಕುಗ್ಗಿತು ಅಂದ್ಯಲ್ಲ ಪದ್ಮಾ. ನಾನು ಸುಮ್ಮನಿರೋದೇ ಸರಿ ಅಂತ ಸಾಬೀತಾಯ್ತು.

ಪದ್ಮಾ: ತಾಳು. ಬೆನ್ವಾ ಲೆಕಾಂಟ್ ಅಂತ ಈಜುಗಾರ, 2018ರಲ್ಲಿ ಪೆಸಿಫಿಕ್ ಸಾಗರದಲ್ಲಿ 159 ದಿನಗಳಲ್ಲಿ 2,821 ಕಿ.ಮೀ. ಈಜಿದ, ದಿನಕ್ಕೆ ಹೆಚ್ಚುಕಡಿಮೆ ಆರು ಗಂಟೆ. ಅವನ ಗುಂಡಿಗೆಯೂ ಕೆಲಿಯಷ್ಟೇ ವೇಗದಲ್ಲಿ ಕುಗ್ಗಿತು!

ಬಸಣ್ಣ: ಆರು ತಾಸು ಈಜೀನೂ?

ಪದ್ಮಾ: ನೀರಲ್ಲಿ ಅಡ್ಡಡ್ಡ ತೇಲೋದು, ರಾತ್ರಿ ಅಡ್ಡ ಮಲಗೋದು. ತಲೆಯಿಂದ ಕಾಲಿಗೆ ಎಳೆಯೋ ಗುರುತ್ವ ಇಲ್ಲ. ಈಜೂ ನಿಧಾನದ್ದು. ಗುಂಡಿಗೆ ಶಾನುಭೋಗನ ಥರ, ಇಡೀ ದಿನದ ಜಮಾಖರ್ಚು ನೋಡುತ್ತೆ. ಆರೇಳು ಗಂಟೆ ತೆಳು ಕೆಲಸ, ಉಳಿದ ಹೊತ್ತು ರಜ ಅಂದ್ರೆ ಸ್ನಾಯು ಇಳಿಸುತ್ತೆ. ಆಮೇಲೆ 13 ಗಗನಯಾತ್ರಿಗಳನ್ನ ನೋಡಿದಾಗ ಸರಾಸರಿಯಲ್ಲಿ ಕುಗ್ಗಿರಲೇ ಇಲ್ಲ. ಊರಲ್ಲಿ ಮಾಡ್ತಿದ್ದಕ್ಕಿಂತ ಅಲ್ಲಿ ಹೆಚ್ಚು ದುಡಿದವರದ್ದು ಬೆಳೆದಿತ್ತು, ಕಡಿಮೆ ದುಡಿದವರದ್ದು ಇಳಿದಿತ್ತು.

ಶ್ರೀನಿ: ಅಂದ್ರೆ ನನ್ನಂಥವನು ಹೋದ್ರೆ ಬೆಳೆಸ್ಕೊಂಡೇ ಬರ್ತೀನಿ. ಇಳಿದ ಮೇಲೆ ಸನ್ಮಾನಕ್ಕೆ ನಿಂತ್ರಾಯ್ತು.

ವೆಂಕಟೇಶ: ನಿಲ್ಲೋದೇ ಕಷ್ಟ. 1970ರಲ್ಲಿ ಸೋಯುಜ್ 9ರಲ್ಲಿ ನಿಕೊಲಯೆವ್, ಸೆವಾಸ್ತ್ಯಾನೊವ್ ಸುಮಾರು 18 ದಿನ ಇದ್ದು ಬಂದಾಗ ಹೊತ್ತುಕೊಂಡೇ ಇಳಿಸಬೇಕಾಯ್ತು. ರಷ್ಯನ್ನರು ವ್ಯಾಯಾಮವನ್ನ ಗಂಭೀರವಾಗಿ ತಗೊಂಡಿದ್ದೇ ಆಮೇಲೆ. ಪ್ಲಾಸ್ಮಾ ಕಡಿಮೆ, ಜೊತೆಗೆ ಕಾಲಿನ ನಾಳ ಬಿಗಿಯೋ ಅಭ್ಯಾಸ ತಪ್ಪಿರುತ್ತೆ. ನಿಂತ್ರೆ ಕಣ್ಣು ಕತ್ತಲೆ. ನಾಸಾದ ಶಟಲ್ ನೌಕೆಗಳ ಕಾಲದಲ್ಲಿ ಇಳಿಯೋಕೆ ಒಂದೆರಡು ಗಂಟೆ ಮುಂಚೆ ಉಪ್ಪಿನ ಮಾತ್ರೆ ಎಂಟು, ಒಂದೊಂದು ಗ್ರಾಮಿನದು, ಜೊತೆಗೆ 900 ಎಂ.ಎಲ್.ಗೂ ಹೆಚ್ಚು ನೀರು. ಬರೀ ನೀರಾದ್ರೆ ರಕ್ತದಲ್ಲಿ ನಿಲ್ಲಲ್ಲ. ತುಂಬ ಮುಂಚೆ ಕುಡಿದ್ರೆ ಮೂತ್ರಪಿಂಡ ಇಳಿಯೋ ಮೊದಲೇ ಖಾಲಿ ಮಾಡಿಬಿಡುತ್ತೆ. ರಷ್ಯನ್ನರು ಕೆಂಟಾವ್ರ್ ಅಂತ ಬಿಗಿ ಚಡ್ಡಿ, ಕಾಲುಪಟ್ಟಿ ಹಾಕಿಸ್ತಾರೆ.

ಶ್ರೀನಿ: ಅದೆಲ್ಲ ಬಿಡಿ. ಮೇಲಕ್ಕೆ ಹೋಗದೇ ಇದೇ ಸೇವೆ ಮಲಗಿಕೊಂಡು ಮಾಡೋ ದಾರಿ ಇದೆಯಾ?

ಪದ್ಮಾ: ಇದೆ, ದುಡ್ಡೂ ಕೊಡ್ತಾರೆ. 2019ರಲ್ಲಿ ಜರ್ಮನಿಯ ಕೊಲೋನ್‌ನಲ್ಲಿ 60 ದಿನ ಮಲಗೋದೂ ಸೇರಿ ಒಟ್ಟು 89 ದಿನಕ್ಕೆ 16,500 ಯೂರೋ ಕೊಟ್ರು.

ಶ್ರೀನಿ: ಅರ್ಜಿ ಎಲ್ಲಿ?

ಪದ್ಮಾ: ಹಾಸಿಗೆ ತಲೆ ಕಡೆಗೆ 6 ಡಿಗ್ರಿ ಇಳಿಜಾರು, ಹಾಗಾಗಿ ದ್ರವ ಮೇಲೇರುತ್ತೆ. ದಿಂಬಿಲ್ಲ. ಊಟ, ಸ್ನಾನ, ಶೌಚ ಎಲ್ಲ ಮಲಗೇ. ಯಾವಾಗಲೂ ಒಂದು ಭುಜವಾದ್ರೂ ಹಾಸಿಗೆಗೆ ತಾಗಿರಬೇಕು. 1966ರ ಡಲ್ಲಾಸ್ ಪ್ರಯೋಗದಲ್ಲಿ 20 ವರ್ಷದ ಐದು ಹುಡುಗರು ಬರೀ ಮೂರು ವಾರ ಮಲಗಿದ್ರು. 30 ವರ್ಷ ಬಿಟ್ಟು ಅವರನ್ನೇ ಕರೆದು ಪರೀಕ್ಷೆ ಮಾಡಿದ್ರೆ, ಆ ಮೂರು ವಾರದಲ್ಲಿ ಕಳಕೊಂಡ ದಮ್ಮು 30 ವರ್ಷದ ವಯಸ್ಸು ಕಸಿದಿದ್ದಕ್ಕಿಂತ ಹೆಚ್ಚು.

ಶ್ರೀನಿ: ಪರವಾಗಿಲ್ಲ, ಭುಜ ತಾಗಿಸ್ಕೊಂಡೇ ಇರ್ತೀನಿ. ಕಾಫಿ ಎಷ್ಟು ಗಂಟೆಗೆ?

ಪದ್ಮಾ: ಕೆಫೀನ್ ನಿಷಿದ್ಧ.

ಶ್ರೀನಿ: ಬಸಣ್ಣ, ಆ ರಬ್ಬರ್ ಹಗ್ಗ ಎಲ್ಲಿ ಸಿಗುತ್ತೆ ಅಂದೆ?